ಮಳೆಗಾಲ ಕಳೆದು ಹೊರತೆಗೆದ ಫೋಮ್ ಹೋಸು: ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಕಾಸರಗೋಡಿನ ಕಡೆ ಹುಟ್ಟಿ ಬೆಳೆದವನಿಗೆ ಪೈಪು ಅಂದರೆ ಮೊದಲು ನೆನಪಾಗುವುದು ಅಡಿಕೆಗೆ ಮದ್ದು ಬಿಡುವ ಪೈಪು. ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಬಿಟ್ಟಾಯಿತೋ, ಸಂಜೆ ಪಂಪಿಗೆ ಬರೀ ನೀರು ಕೊಟ್ಟು ಓಡಿಸಿ, ಪೈಪಿನೊಳಗಿನ ನೀರು ಬಸಿದು, ಸುತ್ತಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರೆ ಮುಗಿಯಿತು. ಹಾಗೆ ಮಾಡದಿದ್ದರೆ ಮರುದಿನ ಸುಣ್ಣ ಕಟ್ಟಿ ನಾಝಲ್ ಮುಚ್ಚಿರುತ್ತದೆ, ಮನೆಯ ಹಿರಿಯರ ಬೈಗುಳವೂ ಸಿಗುತ್ತದೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಬೇಕಾಗಿಲ್ಲ. ಫೋಮ್ ಕೆಲಸಕ್ಕೆ ಇಳಿದ ಮೇಲೆ ನಮ್ಮ ಹೋಸುಗಳು ಹಾಳಾಗುವುದು ಹೆಚ್ಚಾಗಿ ಈ ಒಳ್ಳೆಯ ಅಭ್ಯಾಸದಿಂದಲೇ.

ಶೀಟಿನ ಮಾಡಿನ ಅಡಿಗೆ, ತಾರಸಿಗೆ, ಐಸ್ ಪ್ಲಾಂಟಿನ ಗೋಡೆಗೆ ಶಾಖ ತಡೆಯುವ ಪಿಯು (ಪಾಲಿಯುರೆಥೇನ್) ಫೋಮ್ ಹೊಡೆಯುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತೇವೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ಇದು, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆಮೇಲೆ ಮೆಷಿನ್ ಹೊರತೆಗೆದು ಮೊದಲ ಕೆಲಸಕ್ಕೆ ಹೋದಾಗ ತೊಂದರೆಗಳು ಒಂದರ ಹಿಂದೆ ಒಂದು ಮುಖ ತೋರಿಸುತ್ತವೆ. ಗನ್ ಕೆಟ್ಟಿದೆ ಅಂತ ಗನ್ ಬಿಚ್ಚುತ್ತೇವೆ, ಪಂಪ್ ಕೆಟ್ಟಿದೆ ಅಂತ ಪಂಪ್ ಬಿಚ್ಚುತ್ತೇವೆ. ದೋಷ ಕೂತಿರುವುದು ನಡುವಿನ ಹೋಸಿನಲ್ಲಿ, ಅದೂ ಜೂನ್‌ನಲ್ಲಿ ಎತ್ತಿಟ್ಟ ದಿನವೇ ಹೊಕ್ಕದ್ದು.

ಹೊಸಬರಿಗೆ ಎರಡು ಮಾತು. ಫೋಮ್‌ಗೆ ಬೇಕಾದ್ದು ಎರಡು ದ್ರವ: ಎ ಬದಿಯಲ್ಲಿ ಐಸೋ (ಐಸೋಸಯನೇಟ್), ಬಿ ಬದಿಯಲ್ಲಿ ಪಾಲಿಯೋಲ್. ಅಳತೆಯಲ್ಲಿ ಸಮಸಮ. ಎರಡೂ ಬೇರೆ ಬೇರೆ ಹೋಸಿನಲ್ಲಿ ಬಿಸಿಯಾಗಿ ಬಂದು ಗನ್ನಿನೊಳಗೆ ಮಾತ್ರ ಒಂದಾಗಬೇಕು. ಹೊರಗಿನಿಂದ ಒಂದೇ ದಪ್ಪ ಹಗ್ಗದ ಹಾಗೆ ಕಾಣುವ ಕಟ್ಟಿನೊಳಗೆ ದ್ರವದ ಎರಡು ಹೋಸು, ಒಂದು ಗಾಳಿಯ ಹೋಸು, ಬಿಸಿಮಾಡುವ ತಂತಿ, ಸೆನ್ಸರ್ ತಂತಿ, ಸುತ್ತಲೂ ಸ್ಪಂಜು, ಅದರ ಮೇಲೆ ಬಟ್ಟೆಯ ತೋಳು ಇರುತ್ತವೆ. ಸಾಮಾನ್ಯವಾಗಿ 15 ಮೀಟರಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಗನ್ನಿನ ತುದಿಗೆ 3 ಮೀಟರಿನ ಸಪೂರ ವಿಪ್ ಹೋಸು ಹಾಕುತ್ತೇವೆ.

ಯಾವ ಫಿಟ್ಟಿಂಗ್ ಬಿಚ್ಚುವ ಮೊದಲೂ ಮೆಷಿನ್ ನಿಲ್ಲಿಸಿ, ಎರಡೂ ಬದಿಯ ಒತ್ತಡ ಸೊನ್ನೆಗೆ ಇಳಿಸಿ. ಸಾವಿರಕ್ಕೂ ಹೆಚ್ಚು ಪಿಎಸ್ಐ ಒತ್ತಡದಲ್ಲಿ ಚಿಮ್ಮುವ ದ್ರವ ಕೈಗವಸನ್ನೂ ಚರ್ಮವನ್ನೂ ತೂತು ಮಾಡಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ, ಆದರೆ ಅದಕ್ಕೆ ತಕ್ಷಣ ಆಸ್ಪತ್ರೆಯೇ ಬೇಕು. ಐಸೋದ ಆವಿಗೆ ಒಮ್ಮೆ ಮೈ ಒಗ್ಗದೆ ಹೋದರೆ ಮತ್ತೆ ಸ್ವಲ್ಪ ತಾಗಿದರೂ ಉಬ್ಬಸ ಬರುತ್ತದೆ. ಕನ್ನಡಕ, ಕೈಗವಸು, ಕಾರ್ಟ್ರಿಜ್ ಇರುವ ಮಾಸ್ಕು ಇಲ್ಲದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಬಾಯಿಗೆ ಬೈರಾಸು ಕಟ್ಟಿಕೊಂಡರೆ ಅದು ಮಾಸ್ಕ್ ಅಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಗೇಜು ನೋಡಿ

ಗನ್ ಮುಚ್ಚಿದ್ದಾಗ ಎರಡೂ ಬದಿಯ ಒತ್ತಡ ತೋರಿಸುವ ಗೇಜು ಸಮ. ಟ್ರಿಗರ್ ಒತ್ತಿದ ಕೂಡಲೇ ಒಂದು ಮೇಲೆ, ಒಂದು ಕೆಳಗೆ. ಮಳೆಗಾಲದ ನಂತರ ಎಲ್ಲರೂ ಕಾಣುವ ದೃಶ್ಯ ಇದು. ಇಲ್ಲಿ ನೆನಪಿಡಬೇಕಾದ್ದು ಇಷ್ಟು: ಪಂಪಿನಿಂದ ಮುಂದೆ, ಅಂದರೆ ಹೋಸಿನಲ್ಲೋ ಗನ್ನಿನಲ್ಲೋ ತಡೆ ಇದ್ದರೆ ಆ ಬದಿಯ ಗೇಜು ಏರುತ್ತದೆ. ಪಂಪಿನಿಂದ ಹಿಂದೆ, ಅಂದರೆ ಡ್ರಮ್ಮು, ಡ್ರಮ್ಮಿನ ಪಂಪು, ಒಳಹರಿವಿನ ಜಾಲರಿ ಇವುಗಳಲ್ಲಿ ತಡೆ ಇದ್ದರೆ ಗೇಜು ಇಳಿಯುತ್ತದೆ. ಏರಿದ ಗೇಜು ಕಂಡರೆ ಗನ್ನಿನ ಕಡೆ ನಡೆಯಿರಿ, ಇಳಿದ ಗೇಜು ಕಂಡರೆ ಡ್ರಮ್ಮಿನ ಕಡೆ.

ಇದನ್ನು ತಿರುಗುಮುರುಗು ತಿಳಿದುಕೊಂಡವರೇ ಹೆಚ್ಚು. ‘ಎ ಗೇಜು ಮೇಲಿದೆ, ಎ ಚೆನ್ನಾಗಿಯೇ ಬರುತ್ತಿದೆ, ಬಿ ಬದಿಯೇ ಸರಿಯಿಲ್ಲ’ ಅಂತ ಪಾಲಿಯೋಲ್ ಪಂಪನ್ನು ಪೂರ್ತಿ ಬಿಚ್ಚಿ ಹರಡಿ ಕೂತವರನ್ನು ನೋಡಿದ್ದೇನೆ. ನಾನೂ ಒಂದು ಸಲ ಕೂತಿದ್ದೆ. ಗೇಜು ಮೆಷಿನ್ನಿನ ಹತ್ತಿರ ಇದೆ, ಗನ್ನಿನ ಹತ್ತಿರ ಅಲ್ಲ. ಮುಂದೆ ದಾರಿ ಕಟ್ಟಿದಾಗ ಅದು ತೋರಿಸುವುದು ಪಂಪು ತಿಣುಕುತ್ತಿರುವುದನ್ನು.

ಗೇಜು ಇಳಿದಿದ್ದರೆ ಫೋಮಿನಲ್ಲೂ ಅದು ಕಾಣುತ್ತದೆ. ಪಾಲಿಯೋಲ್ ಕಡಿಮೆಯಾಗಿ ಐಸೋ ಹೆಚ್ಚಾದರೆ ಫೋಮ್ ಬಣ್ಣ ಗಾಢವಾಗಿ, ಬೆರಳಲ್ಲಿ ಉಜ್ಜಿದರೆ ರಸ್ಕಿನ ಹಾಗೆ ಪುಡಿಯಾಗುತ್ತದೆ. ಐಸೋ ಕಡಿಮೆಯಾದರೆ ಮೆತ್ತಗೆ ಅಂಟಂಟಾಗಿದ್ದು, ಮರುದಿನ ಬಂದು ನೋಡಿದರೆ ಕುಗ್ಗಿ ಶೀಟಿನಿಂದ ಬಿಟ್ಟಿರುತ್ತದೆ. ಅಂಥ ಫೋಮಿನ ಮೇಲೆ ಇನ್ನೊಂದು ಪದರ ಹೊಡೆದು ಮುಚ್ಚಿಹಾಕಲು ಹೋಗಬೇಡಿ, ಕೆರೆದು ತೆಗೆಯಲೇಬೇಕು.

ಯಾವ ತುಂಡಿನಲ್ಲಿ?

ತಡೆ ಮುಂದೆಯೇ ಇದೆ ಅಂತಾದರೆ ಮೊದಲು ಗನ್ನಿನ ಜಾಲರಿ ನೋಡಿ, ಸ್ವಚ್ಛ ಮಾಡಿ, ಇನ್ನೊಮ್ಮೆ ಹೊಡೆದು ನೋಡಿ. ಸರಿಹೋದರೂ ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟಿತು ಅಂದರೆ ಕಸ ಹೋಸಿನಿಂದ ಬರುತ್ತಿದೆ. ಜಾಲರಿ ಬದಲಿಸುತ್ತ ಕೂತರೆ ದಿನ ಹೋಗುತ್ತದೆ, ಕೆಲಸ ಆಗುವುದಿಲ್ಲ.

ಹೋಸನ್ನು ಪೂರ್ತಿ ಬಿಡಿಸಿ ನೆಲದ ಮೇಲೆ ನೀಳವಾಗಿ ಹಾಕಿ. ಬಿಸಿ ಕೊಟ್ಟು, ದ್ರವ ಸಲೀಸಾಗಿ ಹರಿಯುವ ಮಟ್ಟಕ್ಕೆ ತನ್ನಿ. ಗನ್ನನ್ನು ಮಾತ್ರ ಕಳಚಿ, ಎ ಬದಿಗೊಂದು ಬಿ ಬದಿಗೊಂದು ಬಕೆಟ್ ಇಟ್ಟು, ಮೆಷಿನ್ ಒತ್ತಡ ಆದಷ್ಟು ಕೆಳಗಿಟ್ಟು ವಾಲ್ವ್‌ಗಳನ್ನು ಮೆಲ್ಲಗೆ ತೆರೆಯಿರಿ. ಬಕೆಟಿಗೆ ಎಷ್ಟು ಬಿತ್ತು ಅಂತ ಅಳೆಯಲು ಹೋಗಬೇಡಿ. ಎರಡೂ ಪಂಪು ಒಂದೇ ದಂಡಕ್ಕೆ ಕಟ್ಟಿರುವ ಮೆಷಿನ್ನಿನಲ್ಲಿ ಹೊಡೆತಕ್ಕೆ ಇಷ್ಟು ಅಂತ ಎರಡೂ ಸಮವೇ ಬೀಳುತ್ತದೆ. ನೋಡಬೇಕಾದ್ದು ಅಷ್ಟನ್ನು ತಳ್ಳಲು ಎಷ್ಟು ಒತ್ತಡ ಬೇಕಾಯಿತು ಅನ್ನುವುದು. ಎ ಗೇಜು ಈಗಲೂ ಮೇಲೇ ನಿಂತಿದ್ದರೆ ಗನ್ನಿನ ತಪ್ಪಿಲ್ಲ.

ಮೆಷಿನ್ ನಿಲ್ಲಿಸಿ, ಒತ್ತಡ ಬಿಟ್ಟು, ವಿಪ್ ಹೋಸು ಕಳಚಿ ಅದೇ ಪರೀಕ್ಷೆ ಮಾಡಿ. ಗೇಜು ಧೊಪ್ಪನೆ ಇಳಿದರೆ ವಿಪ್‌ನಲ್ಲೇ ಇದೆ. ಹತ್ತರಲ್ಲಿ ಆರು ಏಳು ಸಲ ನನಗೆ ಇಲ್ಲೇ ಸಿಕ್ಕಿದೆ. ಸಪೂರ ಹೋಸು, ಹೆಚ್ಚು ಬಗ್ಗುವುದೂ ಅದೇ. ಇಳಿಯದಿದ್ದರೆ ಅದರ ಹಿಂದಿನ 15 ಮೀಟರ್ ಕಳಚಿ, ಆಮೇಲೆ ಅದರ ಹಿಂದಿನದು. ಹೀಗೆ ಮೆಷಿನ್ನಿನ ಕಡೆಗೆ ಸರಿಯುತ್ತ ಬನ್ನಿ. ಒಂದೊಂದು ತುಂಡು ಕಳಚಿದಂತೆ ಎರಡೂ ಗೇಜು ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ಒಂದು ತುಂಡು ಕಳಚಿದಾಗ ಒಂದೇ ಬದಿಯ ಗೇಜು ಬಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಬಿಚ್ಚಿದ ಪ್ರತಿ ಬಾಯಿಗೂ ಆ ಕ್ಷಣವೇ ಕ್ಯಾಪ್ ಹಾಕಿ. ‘ಈಗ ಜೋಡಿಸುತ್ತೇವಲ್ಲ’ ಅಂತ ತೆರೆದಿಟ್ಟು ಊಟಕ್ಕೆ ಹೋದರೆ ದೋಷ ಹುಡುಕಲು ಹೋಗಿ ಹೊಸ ದೋಷ ಹುಟ್ಟಿಸಿದಂತೆ. ಎ ಕ್ಯಾಪ್ ಬಿಗೆ, ಬಿ ಕ್ಯಾಪ್ ಎಗೆ ಹೋಗಲೂಬಾರದು. ಎರಡು ಬದಿಯ ಫಿಟ್ಟಿಂಗ್ ಸೈಜನ್ನು ಬೇರೆ ಬೇರೆ ಮಾಡಿರುವುದೇ ಅದಲುಬದಲು ಆಗದಿರಲಿ ಅಂತ. ಅಂಗಡಿಯಿಂದ ಅಡಾಪ್ಟರ್ ತಂದು ‘ಹೇಗೋ ಕೂರಿಸಿದೆ’ ಅನ್ನುವ ಜಾಣರಿಂದ ದೂರ ಇರಿ.

ಜಾಲರಿಯಲ್ಲಿ ಸಿಕ್ಕಿದ್ದೇನು?

ಎ ಬದಿಯ ಜಾಲರಿಯನ್ನು ಬಿಳಿ ಕಾಗದದ ಮೇಲೆ ಕುಟ್ಟಿ, ಬಿದ್ದದ್ದನ್ನು ಬೆಳಕಿಗೆ ಹಿಡಿದು ನೋಡಿ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿದರೆ ಇನ್ನೂ ಒಳ್ಳೆಯದು.

ಸಕ್ಕರೆಗಿಂತ ಸಣ್ಣ, ಬಿಳಿಚು ಬಣ್ಣದ, ಉಗುರಲ್ಲಿ ಒತ್ತಿದರೂ ಒಡೆಯದ ಹರಳು ಕಂಡರೆ ಐಸೋಗೆ ನೀರು ತಾಗಿದೆ. ತೆಳ್ಳಗಿನ ಕಂದು ಸಿಪ್ಪೆಯ ಚೂರು ಬಂದರೆ ಹೋಸಿನ ಒಳಗೋಡೆಯ ಮೇಲೆ ಗಾಳಿಯ ತೇವಕ್ಕೆ ಕಟ್ಟಿದ ಕೆನೆ ಈಗ ಬಿಸಿಗೆ ಕಿತ್ತು ಬರುತ್ತಿದೆ. ಕಪ್ಪು ಮೆತ್ತಗಿನ ಚೂರು ರಬ್ಬರಿನದು, ಯಾವುದೋ ಸೀಲ್ ಹರಿದಿದೆ ಅಥವಾ ಹೋಸಿನ ಒಳಪದರವೇ ಬಿಡುತ್ತಿದೆ. ಹಗುರ, ಒತ್ತಿದರೆ ಪುಸಕ್ಕೆನ್ನುವ ಚೂರಾದರೆ ಅದು ಫೋಮೇ. ಆಗ ಇಲ್ಲಿ ನಿಲ್ಲಬೇಡಿ, ಕೆಳಗೆ ಬರೆದಿರುವ ಗೇಜು ತಾನಾಗಿ ಏರುವ ಭಾಗಕ್ಕೆ ಹೋಗಿ.

ಬಿಳಿ ಹರಳಿನ ಕಥೆ ನಮ್ಮಲ್ಲೇ ನಡೆದದ್ದು. ಜೊತೆಗೆ ಕೆಲಸಕ್ಕೆ ಬರುತ್ತಿದ್ದ ಹುಡುಗ ಬದಿಯಡ್ಕದ ಕಡೆಯವನು, ತೋಟದಲ್ಲೇ ಬೆಳೆದವನು, ಕೆಲಸದಲ್ಲಿ ಬಹಳ ಚೊಕ್ಕ. ಜೂನ್ ಮೊದಲ ವಾರ ಜ್ವರ ಬಂದು ನಾನು ಮಲಗಿದ್ದೆ, ಹೋಸು ಎತ್ತಿಡುವ ಕೆಲಸ ಅವನ ಪಾಲಿಗೆ ಬಂತು. ಸಂಜೆ ಫೋನು ಮಾಡಿ ಹೇಳಿದ: “ಅಣ್ಣ, ಪೈಪು ಲಾಯ್ಕ ತೊಳೆದು ಇಟ್ಟಿದ್ದೇನೆ. ಒಳಗೆ ಒಂದು ಹನಿ ಮದ್ದು ಇಲ್ಲ.” ಜ್ವರದ ಮಂಪರಿನಲ್ಲಿ ನಾನೂ ‘ಆಯ್ತು ಮಾರಾಯ, ಒಳ್ಳೆಯದಾಯಿತು’ ಅಂದುಬಿಟ್ಟೆ. ಅವನು ಐಸೋ ಬಸಿದು, ಬಾವಿಯ ಪಂಪಿನ ನೀರು ಹರಿಸಿ, ಕಂಪ್ರೆಸರ್ ಗಾಳಿಯಲ್ಲಿ ಊದಿ, ಕ್ಯಾಪನ್ನು ಬಿಗಿಯಾಗಿ ಹಾಕಿಟ್ಟಿದ್ದ. ಮದ್ದಿನ ಪೈಪಾಗಿದ್ದರೆ ಬೆನ್ನು ತಟ್ಟಬೇಕಾದ ಕೆಲಸ.

ಅಕ್ಟೋಬರಿನಲ್ಲಿ ಕ್ಯಾಪ್ ಸಡಿಲಿಸುವಾಗ ಪುಸ್ಸೆಂದು ಗಾಳಿ ಬಂತು. ಒತ್ತಡವಿಲ್ಲದೆ ಎತ್ತಿಟ್ಟ ಹೋಸಿನಿಂದ ಗಾಳಿ ಏಕೆ ಬರಬೇಕು? ಅಲ್ಲೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎರಡು ದಿನ ಜಾಲರಿ ತೊಳೆದು ತೊಳೆದು ಸುಸ್ತಾಗಿ, ಕೊನೆಗೆ ಎ ಬದಿಯ ಆ ತುಂಡನ್ನು ಗರಗಸದಲ್ಲಿ ಕೊಯ್ದು ನೋಡಿದೆವು. ಸುಣ್ಣದ ಡಬ್ಬಿಯ ಬಾಯಲ್ಲಿ ಒಣಗಿ ಪದರ ಕಟ್ಟುತ್ತದಲ್ಲ, ಹಾಗೆ ಒಳಗೆಲ್ಲ ಬಿಳಿ ಹೆಕ್ಕಳೆ. ನಡುವೆ ಕಿರುಬೆರಳಿನ ಉಗುರು ತೂರುವಷ್ಟೂ ಜಾಗ ಇರಲಿಲ್ಲ.

ಲೆಕ್ಕ ಹಾಕಿದರೆ ಆಶ್ಚರ್ಯವೂ ಇಲ್ಲ. ಐಸೋ ನೀರಿನೊಡನೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಕೊನೆಗೆ ಯೂರಿಯಾ ಜಾತಿಯ ಗಟ್ಟಿ ಪದಾರ್ಥವಾಗುತ್ತದೆ. ಅದು ಯಾವ ಥಿನ್ನರಿಗೂ ಕರಗುವುದಿಲ್ಲ. ಒಂದು ಗ್ರಾಂ ನೀರು ಸುಮಾರು 15 ಗ್ರಾಂ ಐಸೋವನ್ನು ಕೆಡಿಸುತ್ತದೆ. ಚಹಾದ ಚಮಚದಷ್ಟು, ಅಂದರೆ 5 ಮಿ.ಲೀ. ನೀರು ಉಳಿದರೂ 75 ಗ್ರಾಂ ಐಸೋ ಹೋಯಿತು, ಜೊತೆಗೆ ಆರು ಲೀಟರಿಗೂ ಮೀರಿ ಗಾಳಿ. 9.5 ಮಿ.ಮೀ. ಒಳಅಳತೆಯ 15 ಮೀಟರ್ ಹೋಸು ಪೂರ್ತಿ ಹಿಡಿಯುವುದೇ ಒಂದು ಲೀಟರ್ ಚಿಲ್ಲರೆ. ಒಳಗೋಡೆಗೆ ಹತ್ತಿಕೊಂಡ ನೀರು ಮತ್ತು ಬಸಿದರೂ ಉಳಿದ ಐಸೋ, ಇವೆರಡೇ ಸಾಕಾಯಿತು.

ಹರಳು ಕಂಡರೆ ಮಾಡುವುದೇನು? ಸ್ವಲ್ಪವೇ ಇದ್ದರೆ ಬಿಸಿ ಐಸೋವನ್ನೇ ಸಾಕಷ್ಟು ಹರಿಸಿ ಬಕೆಟಿಗೆ ಬಿಟ್ಟು, ಜಾಲರಿ ಎರಡು ಮೂರು ಸಲ ಬದಲಿಸಿದರೆ ನಿಲ್ಲುತ್ತದೆ. ಆ ಬಕೆಟಿನದನ್ನು ಮತ್ತೆ ಡ್ರಮ್ಮಿಗೆ ಸುರಿಯಬೇಡಿ. ಅರ್ಧ ದಿನ ಹರಿಸಿದರೂ ಹರಳು ಬರುತ್ತಲೇ ಇದ್ದರೆ ಆ ತುಂಡಿಗೆ ಆಯುಸ್ಸು ಮುಗಿಯಿತು. ಒಳಗೆ ಸರಿಗೆ ತೂರಿಸಿ ಕೆರೆಯಲು ಹೋಗಬೇಡಿ, ಒಳಪದರ ಗೀಚಿ ಇನ್ನೊಂದು ದಿನ ಒತ್ತಡದಲ್ಲಿ ಒಡೆಯುತ್ತದೆ.

ಎಲ್ಲದಕ್ಕೂ ಹೋಸನ್ನೇ ದೂರಬೇಡಿ. ಐಸೋ ಡ್ರಮ್ಮಿನ ಗಾಳಿದ್ವಾರಕ್ಕೆ ಹಾಕುವ ಸಿಲಿಕಾ ಜೆಲ್ ಡಬ್ಬಿಯ ಹರಳು ಬಣ್ಣ ತಿರುಗಿದ್ದರೆ ಅಥವಾ ಡಬ್ಬಿಯೇ ಇಲ್ಲದೆ ಬಿರಡೆ ತೆರೆದಿದ್ದರೆ ತೇವ ಅಲ್ಲಿಂದಲೇ ಹೊಕ್ಕಿದೆ. ಅಡುಗೆಮನೆಯ ಉಪ್ಪು ನೀರು ಬಿಡುವ ಆಟಿ ತಿಂಗಳ ಮಳೆದಿನಗಳಲ್ಲಿ ಆ ಜೆಲ್ ಎಷ್ಟು ದಿನ ತಡೆದೀತು?

ಬಿಸಿಯೇ ಏರದಿದ್ದರೆ

ಹೋಸಿನ ಹೀಟರ್ ಹಾಕಿ ಎಷ್ಟು ಹೊತ್ತಾದರೂ ತಣ್ಣಗೇ ಇದೆ. ಮೆಷಿನ್ನಿನ ಮೇನ್ ತೆಗೆದು, ಹೋಸಿನ ಉದ್ದಕ್ಕೂ ಕೈ ಆಡಿಸುತ್ತ ಹೋಗಿ. ಬಟ್ಟೆಯ ತೋಳು ಎಲ್ಲಾದರೂ ಹರಿದು ಸ್ಪಂಜಿನ ಪುಡಿ ಉದುರುತ್ತಿದೆಯೇ? ಇಲಿ. ಅಡಿಕೆ ತುಂಬಿದ ಅಟ್ಟದ ಪಕ್ಕದಲ್ಲೇ ಹೋಸು ಇಟ್ಟರೆ ಮಳೆಗಾಲಕ್ಕೆ ಅದಕ್ಕೆ ಬೆಚ್ಚಗಿನ ಬಾಣಂತಿ ಕೋಣೆ ಸಿಕ್ಕಿದಂತೆ. ನಾನು ಒಂದು ತೋಳಿನೊಳಗಿಂದ ಸೋಗೆಯ ನಾರು, ಪ್ಲಾಸ್ಟಿಕ್ ಚೂರು, ಯಾರದೋ ಪಡಿತರ ಚೀಟಿಯ ಅರ್ಧ ತುಂಡು ಹೊರತೆಗೆದಿದ್ದೇನೆ. ಇಲಿ ಮೊದಲು ಕಡಿಯುವುದು ಸಪೂರ ಇರುವ ಸೆನ್ಸರ್ ತಂತಿಯನ್ನು. ಸೆನ್ಸರ್ ತುಂಡಾದರೆ ಮೆಷಿನ್ನಿಗೆ ಹೋಸಿನ ಬಿಸಿ ಎಷ್ಟೆಂದು ತಿಳಿಯುವುದಿಲ್ಲ, ತಿಳಿಯದ್ದರಿಂದ ಅದು ಹೀಟರನ್ನೇ ಕೊಡುವುದಿಲ್ಲ.

ಮಲ್ಟಿಮೀಟರಿನಲ್ಲಿ ಸೆನ್ಸರ್ ತಂತಿಯನ್ನು ಒಂದೊಂದೇ ತುಂಡಾಗಿ ನೋಡಿ. ಬಿಸಿಮಾಡುವ ತಂತಿಗೆ ಓಮ್ ಲೆಕ್ಕ ತೀರಾ ಸಣ್ಣದು, ಅಗ್ಗದ ಮೀಟರಿನಲ್ಲಿ ನಂಬಿಕೆ ಬರುವುದಿಲ್ಲ. ಅದಕ್ಕೆ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಹೀಟರ್ ಹಾಕಿದಾಗ ಕರೆಂಟು ಸೊನ್ನೆ ತೋರಿಸಿದರೆ ತಂತಿ ಎಲ್ಲೋ ತುಂಡಾಗಿದೆ ಅಥವಾ ಟರ್ಮಿನಲ್ ಸಡಿಲ. ತುಂಡುಗಳು ಕೂಡುವಲ್ಲಿ ಬೋಲ್ಟಿನ ಸುತ್ತ ಹಸಿರು ಕಿಲುಬು ಕಟ್ಟಿದ್ದರೆ ಅಲ್ಲೇ ಕಾರಣ. ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ. ಜೋಡಣೆ ಕರಟಿ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಲಗ್ (ತಂತಿಯ ತುದಿಯ ಲೋಹದ ಕೊಂಡಿ) ಬದಲಿಸಿ.

ಕರೆಂಟು ಬರುತ್ತಿದೆ, ಆದರೂ ಬಿಸಿ ಸಾಲದು ಅಂದರೆ ವೋಲ್ಟೇಜು ನೋಡಿ. ಒಳಊರಿನ ತೋಟದ ಮನೆಗಳಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡುವ ಹೊತ್ತಿಗೆ 230 ಇರಬೇಕಾದ್ದು 180ಕ್ಕೆ ಇಳಿದಿರುತ್ತದೆ. ಇಳಿದದ್ದು ಐವತ್ತೇ ವೋಲ್ಟ್ ಅನಿಸಬಹುದು. ಆದರೆ ತಂತಿಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಸಿಗುವುದು ಶೇಕಡಾ 61 ಮಾತ್ರ. ಹೋಸು ಬಿಚ್ಚುವುದರ ಬದಲು ಜನರೇಟರ್ ಹಾಕಿ.

ಹಾಕಿದ ಕೂಡಲೇ ಬ್ರೇಕರ್ ಬಿದ್ದರೆ ತೋಳಿನೊಳಗೆ ನೀರು ಇಳಿದಿದೆ. ಬಿಸಿಲಿಗೆ ನೀಳವಾಗಿ ಹಾಕಿ, ತೋಳಿನ ಎರಡೂ ತುದಿ ಬಿಚ್ಚಿ, ಸ್ಪಂಜು ಒಣಗುವವರೆಗೆ ಕಾಯಿರಿ. ಬ್ರೇಕರಿಗೆ ಕಡ್ಡಿ ಸಿಕ್ಕಿಸಿ ಹಿಡಿದುಕೊಳ್ಳುವವರ ಜೊತೆ ಕೆಲಸ ಮಾಡಬೇಡಿ.

ಒಣಗಿಸಲು ‘ಸುತ್ತಿಟ್ಟಲ್ಲೇ ಸ್ವಲ್ಪ ಹೀಟರ್ ಕೊಡೋಣ’ ಅನ್ನುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಸುತ್ತಿದ ಹೋಸಿಗೆ ಹೀಟರ್ ಕೊಟ್ಟರೆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಸೆನ್ಸರ್ ಇರುವುದು ಸಾಮಾನ್ಯವಾಗಿ ವಿಪ್ ಶುರುವಾಗುವ ತುದಿಯಲ್ಲಿ. ಆ ತುದಿ ನೆರಳಲ್ಲಿ ತಣ್ಣಗಿದ್ದು ‘ಇನ್ನೂ ಕೊಡು, ಇನ್ನೂ ಕೊಡು’ ಅನ್ನುತ್ತಿರುತ್ತದೆ, ಸುರುಳಿಯ ನಡುವೆ ಒಳಪದರ ಬೇಯುತ್ತಿರುತ್ತದೆ. ದ್ರವ ಇಲ್ಲದ ಹೋಸಿಗೂ ಹೀಟರ್ ಬೇಡ.

ಹೊರಮೈ

ಬೆರಳಿಗೆ ಉಬ್ಬು ಸಿಕ್ಕಿದರೆ, ಹೆಣಿಗೆಯ ತಂತಿ ಹೊರಗೆ ಇಣುಕಿದರೆ ಆ ತುಂಡು ಇವತ್ತೇ ಹೊರಗೆ. ಕ್ಲಿಪ್ಪು, ಎಂಸೀಲು, ಸೈಕಲ್ ಟ್ಯೂಬು ಸುತ್ತುವುದು ಮದ್ದಿನ ಪೈಪಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ನಮ್ಮ ಕಡೆ ಬಟ್ಟೆಯ ತೋಳು ಬೇಗ ಸವೆಯುವುದು ಮುರಕಲ್ಲಿನ ಮೂಲೆಗೆ ಉಜ್ಜಿ. ಸಿಮೆಂಟ್ ಹಾಕದ ಮುರಕಲ್ಲಿನ ಗೋಡೆ ಅರದ ಹಾಗೆ. ಮಾಡಿಗೆ ಹೋಸು ಏರಿಸುವಾಗ ಮೂಲೆಗೆ ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಕಟ್ಟಿಬಿಡಿ. ಅದರ ಮೇಲೆ ಹೋಸು ಜಾರುತ್ತ ಹೋಗುತ್ತದೆ. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಗಾರ್ಡಿಗಿಂತ ನನಗೆ ಇದೇ ಹೆಚ್ಚು ಬಾಳಿದೆ. ಪಿಕಪ್ಪಿನ ಬಾಗಿಲಿನ ಅಂಚಿನ ಮೇಲೆ ಹೋಸು ನೇತಾಡುವಂತೆ ಬಿಟ್ಟು ಓಡಿಸುವುದು ಇನ್ನೊಂದು ಕೆಟ್ಟ ಚಾಳಿ. ಫಿಟ್ಟಿಂಗಿನ ಹತ್ತಿರದ ಬಾಗು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ.

ಗೇಜು ತಾನಾಗಿ ಏರಿದರೆ

ಇದಕ್ಕೆ ಮೂರು ಕಾರಣ. ಒಂದು, ಬಿಸಿಲು ಅಥವಾ ಹೀಟರ್: ಮುಚ್ಚಿದ ಹೋಸಿನಲ್ಲಿ ದ್ರವ ಹಿಗ್ಗುತ್ತದೆ, ಎರಡೂ ಗೇಜು ಒಟ್ಟಿಗೆ ಏರುತ್ತವೆ. ಭಯವಿಲ್ಲ, ಒತ್ತಡ ಇಳಿಸಿ. ಎರಡು, ಎ ಬದಿ ಮಾತ್ರ ದಿನಗಟ್ಟಲೆ ನಿಧಾನವಾಗಿ ಏರುತ್ತಿದ್ದರೆ ಒಳಗೆ ನೀರು ಸೇರಿ ಗಾಳಿ ಹುಟ್ಟುತ್ತಿದೆ. ಮೂರನೆಯದು ಅಪಾಯದ್ದು. ಗನ್ ಮುಚ್ಚಿದೆ, ಕೆಳಗಿದ್ದ ಗೇಜು ಮೆಲ್ಲನೆ ಏರಿ ಇನ್ನೊಂದರ ಮಟ್ಟಕ್ಕೆ ಬರುತ್ತಿದೆ. ಹೆಚ್ಚು ಒತ್ತಡದ ಬದಿಯ ದ್ರವ ಗನ್ನಿನ ಸವೆದ ಸೀಲ್ ದಾಟಿ ಇನ್ನೊಂದು ಬದಿಗೆ ನುಗ್ಗುತ್ತಿದೆ. ತಕ್ಷಣ ಗನ್ನಿನ ಎರಡೂ ಕೈವಾಲ್ವ್ ಮುಚ್ಚಿ, ಮೆಷಿನ್ ನಿಲ್ಲಿಸಿ, ಒತ್ತಡ ಬಿಡಿ. ಹಿಂದೆಮುಂದೆ ನೋಡುತ್ತ ನಿಂತರೆ ವಿಪ್ ಹೋಸು ಕೋಲಾಗುತ್ತದೆ. ಕೈಯಲ್ಲಿ ಬಗ್ಗಿಸಿದಾಗ ಒಂದು ಕಡೆ ಮಾತ್ರ ಬಗ್ಗದಿದ್ದರೆ ಒಳಗೆ ಫೋಮ್ ಕಟ್ಟಿದೆ. ಅದನ್ನು ಒತ್ತಡ ಕೊಟ್ಟು ಬಿಡಿಸುವ ಪ್ರಯತ್ನ ಬೇಡವೇ ಬೇಡ.

ಜೂನ್‌ಗೆ ಮುಂಚೆ ಎತ್ತಿಡುವಾಗ

ಕೆಲಸದ ನಡುವೆ ನಾಲ್ಕು ದಿನದ ಬಿಡುವಾದರೆ ಹೋಸನ್ನು ಬಸಿಯಬೇಡಿ. ಎರಡೂ ಬದಿಯಲ್ಲಿ ತಮ್ಮ ತಮ್ಮ ದ್ರವ ತುಂಬಿದ್ದು, ಸ್ವಲ್ಪ ಒತ್ತಡ ಉಳಿದು, ವಾಲ್ವ್ ಮುಚ್ಚಿರಲಿ. ತುಂಬಿದ ಹೋಸಿನಲ್ಲಿ ಗಾಳಿಗೆ ಜಾಗವಿಲ್ಲ, ಗಾಳಿ ಇಲ್ಲದಿದ್ದರೆ ತೇವವೂ ಇಲ್ಲ. ಖಾಲಿ ಹೋಸೇ ಶತ್ರು.

ಪೂರ್ತಿ ಮಳೆಗಾಲಕ್ಕಾದರೆ ಎ ಬದಿಯ ಐಸೋವನ್ನು ಡಿಒಪಿ ಎಣ್ಣೆಯಿಂದ (ಪ್ಲಾಸ್ಟಿಕ್ ಮೆತ್ತಗಾಗಿಸಲು ಬಳಸುವ, ಐಸೋ ಜೊತೆ ಕೂಡಿಕೊಳ್ಳದ ಎಣ್ಣೆ) ಹಿಂದಿನಿಂದ ತಳ್ಳಿ. ಮೊದಲು ಕಂದು ಬರುತ್ತದೆ, ಆಮೇಲೆ ಕಲಸು, ಕೊನೆಗೆ ತಿಳಿ ಎಣ್ಣೆ. ತಿಳಿಯಾದ ಮೇಲೂ ಸ್ವಲ್ಪ ಬಿಟ್ಟು, ಎಣ್ಣೆ ತುಂಬಿದಂತೆಯೇ ಮುಚ್ಚಿ. ನೀರು, ಸ್ಪಿರಿಟ್, ಡೀಸೆಲ್ ಯಾವುದೂ ಇದರ ಬದಲಿಗೆ ಆಗುವುದಿಲ್ಲ. ಸ್ಪಿರಿಟ್ ಐಸೋ ಜೊತೆ ತಾನೇ ಕೂಡಿಕೊಳ್ಳುತ್ತದೆ, ಪೇಟೆಯ ಸ್ಪಿರಿಟಿನಲ್ಲಿ ನೀರೂ ಇರುತ್ತದೆ. ಕ್ಯಾಪ್ ಹಾಕುವ ಮೊದಲು ತಿರುಪಿನ ಎಳೆಗೆ ಗ್ರೀಸ್ ಸವರಿ. ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದರೆ ಅದು ಮುಚ್ಚಿದಂತಲ್ಲ, ಲೋಹದ ಕ್ಯಾಪೇ ಬೇಕು. ಅಕ್ಟೋಬರಿನಲ್ಲಿ ಮತ್ತೆ ಶುರುಮಾಡುವಾಗ ಎಣ್ಣೆ ಪೂರ್ತಿ ಹೊರಬಂದು ಅಚ್ಚ ಐಸೋ ಬರುವವರೆಗೆ ಬಕೆಟಿಗೇ ಬಿಡಿ. ಮೊದಲ ನಾಲ್ಕು ಹೊಡೆತ ಹಳೆಯ ರಟ್ಟಿಗೆ ಹೊಡೆದು, ಫೋಮ್ ಏಳುವುದನ್ನು ನೋಡಿಯೇ ಮಾಡಿಗೆ ಹೋಗಿ.

ಸುತ್ತುವುದಕ್ಕೂ ಒಂದು ಕ್ರಮ ಇದೆ. ಗೂಟಕ್ಕೆ ನೇತುಹಾಕಿದರೆ ಪೂರ್ತಿ ಭಾರ ಒಂದೇ ಬಾಗಿನ ಮೇಲೆ. ಇಲಿಯ ಕಾಟಕ್ಕೆ ಹೆದರಿ ಒಂದು ವರ್ಷ 200 ಲೀಟರಿನ ಖಾಲಿ ಬ್ಯಾರಲಿನೊಳಗೆ ಸುತ್ತಿಟ್ಟು, ಮುಚ್ಚಳ ಹಾಕಿ, ಬಹಳ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ಇಲಿ ಬರಲಿಲ್ಲ. ಆದರೆ ಬ್ಯಾರಲಿನ ಅಗಲ ಎರಡಡಿಗೂ ಕಡಿಮೆ, ನಾಲ್ಕು ತಿಂಗಳು ಅದರೊಳಗೆ ಮಡಚಿಕೊಂಡಿದ್ದ ಹೋಸು ಹೊರಬಂದಾಗ ಸ್ಪ್ರಿಂಗಿನಂತಾಗಿತ್ತು, ಎರಡು ಕಡೆ ಒಳಗೆ ಮಡಿಕೆ ಬಿದ್ದಿತ್ತು. ಈಗ ನೆಲದಿಂದ ಮೊಣಕಾಲೆತ್ತರಕ್ಕೆ ಹಲಗೆ ಹಾಕಿ, ಅದರ ಮೇಲೆ ಮೂರೂವರೆ ನಾಲ್ಕಡಿ ಅಗಲಕ್ಕೆ ಎಂಟರ ಆಕಾರದಲ್ಲಿ ಮಲಗಿಸುತ್ತೇನೆ. ಎಂಟರ ಆಕಾರದಲ್ಲಿ ಹಾಕಿದರೆ ತಿರುಚು ಕೂಡುವುದಿಲ್ಲ. ಸುತ್ತಲೂ ಕೋಳಿಗೂಡಿನ ಸಣ್ಣ ಕಣ್ಣಿನ ಬಲೆ. ಮೇಲೆ ಟಾರ್ಪಾಲು ಬಿಗಿದು ಕಟ್ಟುವುದಿಲ್ಲ, ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವಂತೆ ಇಳಿಬಿಟ್ಟರೆ ಸಾಕು. ಹದಿನೈದು ದಿನಕ್ಕೊಮ್ಮೆ ಟಾರ್ಚು ಹಿಡಿದು ಇಲಿ ಹಿಕ್ಕೆ ಇದೆಯೇ ಅಂತ ನೋಡುತ್ತೇನೆ.

ಬಕೆಟಿಗೆ ಬಿಟ್ಟ ಐಸೋ ಉಳಿದಿರುತ್ತದಲ್ಲ, ಅದನ್ನು ತೋಟದ ಹೊಂಡಕ್ಕೆ ಸುರಿಯುವವರಿದ್ದಾರೆ. ಬೇಡ. ನೆಲಕ್ಕೆ ಚೆಲ್ಲಿದ್ದನ್ನು ಮರದ ಹುಡಿ ಹಾಕಿ ಹೀರಿಸಿ ಬಕೆಟಿಗೆ ತುಂಬಿ, ನೂರು ಪಾಲು ನೀರಿಗೆ ಐದರಿಂದ ಹತ್ತು ಪಾಲು ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪಿನ ದ್ರಾವಣ ಕಲಸಿ ಅದರ ಮೇಲೆ ಸುರಿಯಿರಿ. ಹಾಗೆ ಮಾಡಿದ ಬಕೆಟಿನ ಮುಚ್ಚಳವನ್ನು ಎರಡು ದಿನ ಬಿಗಿಯಬೇಡಿ, ಅಂಗಳದ ಮೂಲೆಯಲ್ಲಿ ಮಕ್ಕಳ ಕೈಗೆ ಸಿಗದ ಕಡೆ ಸಡಿಲವಾಗಿಯೇ ಇರಲಿ. ಒಳಗೆ ಇನ್ನೂ ಗಾಳಿ ಹುಟ್ಟುತ್ತಿರುತ್ತದೆ. ಬಿಗಿದರೆ ಅಕ್ಟೋಬರಿನ ಆ ಕ್ಯಾಪಿನಂತೆ ಪುಸ್ಸೆನ್ನುವುದಿಲ್ಲ, ಮುಚ್ಚಳ ಹಂಚಿನವರೆಗೆ ಹಾರುತ್ತದೆ.